ಎಲೀಷ ಬಾಗಿಲು ತೆಗೆದದ್ದು

ಶಿಷ್ಯನೊಬ್ಬ ಕೇಳಿದ: "ಗುರುಗಳೇ, ನಮ್ಮ ಮಠದ ಹಿಂದಿನ ಸ್ವಾಮಿಗಳ ಕತೆಯನ್ನು ಬರೆದಿಡಬೇಕೆಂದು ಎಷ್ಟೋ ಕಾಲದಿಂದ ಮಾತಾಡುತ್ತಲೇ ಇದ್ದೇವೆ. ಅವರನ್ನು ಕಣ್ಣಾರೆ ಕಂಡ ಹಿರಿಯರು ಇನ್ನೂ ಕೆಲವರಿದ್ದಾರೆ. ಆದರೆ ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಒಪ್ಪುವುದಿಲ್ಲ. ಎಲ್ಲರೂ ಒಪ್ಪಿದ ಮೇಲೆ ಬರೆದರಾಗದೇ? ಅವಸರವೇನು?"

"ಅವಸರವೇನೂ ಇಲ್ಲ," ಎಂದರು ಗುರುಗಳು. "ಹಿರಿಯರೆಲ್ಲ ಗಟ್ಟಿಯಾಗಿಯೇ ಇದ್ದಾರೆ. ಮೊನ್ನೆ ಅವರಲ್ಲೊಬ್ಬರು ನನ್ನನ್ನೇ 'ಯಾರಪ್ಪಾ ನೀನು' ಎಂದು ಕೇಳಿದರು, ಅಷ್ಟೇ. ಕೂತುಕೋ, ಒಂದು ಕತೆ ಹೇಳುತ್ತೇನೆ."

ಒಂದು ಬೆಟ್ಟದೂರಿನಲ್ಲಿ ಕ್ವೇಕರರ ಕೆಲವು ಮನೆಗಳಿದ್ದವು. ಕ್ರೈಸ್ತರಲ್ಲೇ ಅದೊಂದು ಪಂಗಡ. ಅವರಲ್ಲಿ ಪಾದ್ರಿಯಿಲ್ಲ, ಹಾಡಿಲ್ಲ, ಗಂಟೆಯಿಲ್ಲ. ಭಾನುವಾರ ಒಂದು ಕೋಣೆಯಲ್ಲಿ ಸೇರಿ ಸುಮ್ಮನೆ ಕೂರುತ್ತಾರೆ. ಯಾರಿಗಾದರೂ ಒಳಗಿನಿಂದ ಮಾತು ಬಂದರೆ ಎದ್ದು ಹೇಳುತ್ತಾರೆ. ಬಾರದಿದ್ದರೆ ಹಾಗೇ ಎದ್ದು ಮನೆಗೆ ಹೋಗುತ್ತಾರೆ. ಅವರು ಆಣೆ ಇಡುವುದಿಲ್ಲ. ಆಡುವುದೆಲ್ಲ ನಿಜವೇ ಆಗಿರಬೇಕಾದ ಮೇಲೆ ಆಣೆ ಯಾಕೆ ಎನ್ನುತ್ತಾರೆ. ಕೈ ಎತ್ತಿಸಿ ಮತ ಎಣಿಸುವುದೂ ಇಲ್ಲ. ಒಂದು ವಿಷಯ ತೀರ್ಮಾನವಾಗಬೇಕಾದರೆ ಕೂತವರೆಲ್ಲರ ಮನಸ್ಸು ಒಂದಾಗಬೇಕು. ಯಾರಾದರೂ ಒಬ್ಬರು 'ನನಗಿನ್ನೂ ತಿಳಿಯಾಗಿಲ್ಲ' ಎಂದರೆ ಸಾಕು, ವಿಷಯ ಮುಂದಿನ ಸಭೆಗೆ ಹೋಗುತ್ತದೆ. ಒಳ್ಳೆಯ ಪದ್ಧತಿಯೇ. ಹೆಚ್ಚು ಜನ ಸೇರಿ ಕಡಿಮೆ ಜನರ ಬಾಯಿ ಮುಚ್ಚಿಸುವುದು ಅಲ್ಲಿಲ್ಲ. ನಾನದನ್ನು ಆಡಿಕೊಳ್ಳುತ್ತಿಲ್ಲ.

ಒಂದು ವರ್ಷ ಆ ಊರಿಗೆ ಕಾಲರಾ ಬಂತು. ರಸ್ತೆ ಕೆಲಸಕ್ಕೆಂದು ಬಂದಿದ್ದ ಪರವೂರಿನ ಕೂಲಿಗಳೇ ಬಾವಿ ಕೆಡಿಸಿದರೆಂದು ಯಾರೋ ಹೇಳಿದರು. ಯಾರು ಹೇಳಿದರೆಂದು ಆಮೇಲೆ ಯಾರಿಗೂ ನೆನಪಿರಲಿಲ್ಲ, ಅದು ಯಾವಾಗಲೂ ಹಾಗೆಯೇ. ಊರಿನವರು ದೊಣ್ಣೆ ಹಿಡಿದು ಹೊರಟರು. ಕೂಲಿಗಳು ಓಡಿಬಂದು ಕ್ವೇಕರರ ಸಭೆಯ ಕೋಣೆ ಹೊಕ್ಕರು. ಅಂದು ಭಾನುವಾರ. ಹಿರಿಯರೆಲ್ಲ ಒಳಗೆ ಕೂತಿದ್ದರು. ಎಲೀಷನೆಂಬ ಬಡಗಿಯೂ ಇದ್ದ. ಅವರಲ್ಲಿ ಅವನೇ ಕಿರಿಯ. ಕೂಲಿಗಳನ್ನು ಒಳಗೆ ಬಿಟ್ಟುಕೊಂಡು ಬಾಗಿಲಿಗೆ ಅಗಳಿ ಹಾಕಿದರು.

ಸ್ವಲ್ಪ ಹೊತ್ತಿನ ಮೇಲೆ ಎಲೀಷ ಒಳಗಿನಿಂದ ಬಾಗಿಲು ತೆಗೆದ. ಹೊರಗಿನವರು ಕಂಡದ್ದು ಅಷ್ಟೇ. ಗುಂಪು ನುಗ್ಗಿತು. ಕೂಲಿಗಳಲ್ಲಿ ಕೆಲವರು ಸತ್ತರು. ಎಲೀಷನೂ ಸತ್ತ. ಹಿರಿಯರ ಮೇಲೆ ಯಾರೂ ಕೈ ಮಾಡಲಿಲ್ಲ. ಬದುಕಿದ ಕೂಲಿಗಳು ಅಂದೇ ಬೆಟ್ಟ ಇಳಿದು ಹೋದರು, ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ನಂಬಿ ಬಂದವರನ್ನು ಎಲೀಷ ಹಿಡಿದುಕೊಟ್ಟನೆಂದು ಊರು ಮಾತಾಡಿತು. ಹೊಡೆದವರಿಗೆ ಈ ಮಾತು ಬಹಳ ಅನುಕೂಲವಾಯಿತು. ತಮ್ಮ ಕೈಯ ರಕ್ತವನ್ನು ಅವನ ಹೆಸರಿಗೆ ಒರೆಸಿದರು.

ಎಲೀಷನಿಗೆ ಒಬ್ಬಳೇ ತಂಗಿ. ಆಕೆ ಬೇರೆ ಊರಿನ ಆಸ್ಪತ್ರೆಯಲ್ಲಿ ದಾದಿಯಾಗಿದ್ದಳು. ಆಕೆ ಬರುವಷ್ಟರಲ್ಲಿ ಮಣ್ಣು ಮಾಡಿಯಾಗಿತ್ತು. ಸತ್ತವರಲ್ಲಿ ಹೆಚ್ಚು ಕಡಿಮೆಯಿಲ್ಲವೆಂದು ಆ ಸಭೆಯವರು ಗೋರಿಗೆ ಕಲ್ಲು ನೆಡುತ್ತಿರಲಿಲ್ಲ, ಹೆಸರು ಕೆತ್ತಿಸುತ್ತಿರಲಿಲ್ಲ. ಅಣ್ಣ ಎಲ್ಲಿ ಮಲಗಿದ್ದಾನೆಂದು ಕೈ ತೋರಿಸಿ ಹೇಳಿದರು. ಆಕೆ ಹಿರಿಯರನ್ನು ಕೇಳಿದಳು, "ಒಳಗೆ ಏನಾಯಿತು?"

"ನಿನ್ನ ಅಣ್ಣ ತಪ್ಪು ಮಾಡಲಿಲ್ಲಮ್ಮ," ಎಂದರು ಅವರು. "ಆದರೆ ನಾವು ಒಬ್ಬೊಬ್ಬರು ಒಂದೊಂದು ಮೂಲೆಯಲ್ಲಿದ್ದೆವು. ಬೇರೆಬೇರೆಯಾಗಿ ಹೇಳಿದರೆ ಹತ್ತು ಕತೆಯಾಗುತ್ತದೆ. ಊರಿನವರು ಅದರಲ್ಲಿ ತಮಗೆ ಬೇಕಾದ್ದನ್ನು ಹೆಕ್ಕಿಕೊಳ್ಳುತ್ತಾರೆ. ಸಭೆಯಲ್ಲಿ ಕೂತು, ಎಲ್ಲರಿಗೂ ತಿಳಿಯಾದ ಮೇಲೆ, ಒಂದೇ ಬಾಯಿಂದ ಹೇಳುತ್ತೇವೆ. ಅಲ್ಲಿಯವರೆಗೆ ಯಾರೂ ಒಂಟಿಯಾಗಿ ಹೇಳುವುದು ಬೇಡ. ನೀನೂ ಒಪ್ಪಬೇಕು."

ಆಕೆಯೂ ಅವರವಳೇ. ಆಕೆ ಒಪ್ಪಿದಳು. ಕೆಲಸ ಬಿಟ್ಟು ಆ ಊರಲ್ಲೇ ನಿಂತಳು.

ಮೊದಲ ಸಭೆಯಲ್ಲಿ ಒಬ್ಬರು, ಗಾಯ ಇನ್ನೂ ಹಸಿಯಾಗಿದೆ, ಈಗ ಬೇಡ ಎಂದರು. ಅದು ಸರಿಯೇ ಎನಿಸಿತು. ಗಾಯ ಆರಿದ ಮೇಲೆ ಇನ್ನೊಬ್ಬರಿಗೆ ಬೇರೆ ಚಿಂತೆ ಬಂತು. ಹೊಡೆದವರ ಮಕ್ಕಳು ನಮ್ಮ ಶಾಲೆಗೇ ಬರುತ್ತಾರೆ, ಅವರು ತಲೆ ಎತ್ತಿ ನಡೆಯುವುದು ಹೇಗೆ ಎಂದರು. ಅದೂ ಸುಳ್ಳಲ್ಲ. ಗೋರಿಗೆ ಒಂದು ಕಲ್ಲನ್ನೂ ಇಡದ ನಾವು ಒಬ್ಬನನ್ನು ಮಾತಿನಲ್ಲಿ ಮೇಲೆತ್ತಿದರೆ ಅಹಂಕಾರವಾಗದೇ ಎಂದು ಕೇಳಿದವರೂ ಇದ್ದರು. ಹೀಗೆ ಒಂದೊಂದು ಸಲ ಒಬ್ಬೊಬ್ಬರಿಗೆ ತಿಳಿಯಾಗಲಿಲ್ಲ. ಪ್ರತಿ ಸಲವೂ ಉಳಿದವರು ಆ ಒಬ್ಬರನ್ನು ಗೌರವಿಸಿದರು. ಜಗಳವಾಗಲಿಲ್ಲ. ಜಗಳವಾದರೂ ಆಗಿದ್ದರೆ ಯಾರದಾದರೂ ಬಾಯಿಂದ ಒಂದು ಮಾತು ಹಾರುತ್ತಿತ್ತೇನೋ.

ಒಂದು ಸಭೆಯಲ್ಲಿ ಎಲ್ಲರಿಗಿಂತ ಹಿರಿಯನಾದವನು ಎದ್ದು ನಿಂತು, "ಅವನದನ್ನು ಹೇಳಿದರೆ ನಮ್ಮದನ್ನೂ ಹೇಳಬೇಕಾಗುತ್ತದೆ," ಎಂದು ಕೂತುಬಿಟ್ಟ. ಅಂದು ಮತ್ತೆ ಯಾರೂ ಬಾಯಿ ತೆರೆಯಲಿಲ್ಲ. ಮುಂದಿನ ಸಭೆಗಳಲ್ಲೂ ಆ ಮಾತನ್ನು ಯಾರೂ ಎತ್ತಲಿಲ್ಲ. ಮೌನ ಅವರಿಗೆ ಪ್ರಾರ್ಥನೆ. ಆದ್ದರಿಂದ ಅದು ಯಾವಾಗ ಹೆದರಿಕೆಯಾಯಿತೆಂದು ಅವರಿಗೆ ಗೊತ್ತಾಗಲೇ ಇಲ್ಲ.

ವರ್ಷಗಳು ಹೋದವು. ಹಿರಿಯರು ಒಬ್ಬೊಬ್ಬರಾಗಿ ತೀರಿಕೊಂಡರು. ಅವರ ಮಕ್ಕಳು ಕೆಲಸ ಹುಡುಕಿಕೊಂಡು ಬೇರೆ ಊರು ಸೇರಿದರು. ಅಷ್ಟರಲ್ಲಿ ಎಲೀಷನ ಹೆಸರು ಊರಿನ ಮಾತಿನಲ್ಲಿ ಬೆರೆತುಹೋಗಿತ್ತು. ಯಾರಾದರೂ ನಂಬಿಸಿ ಕೈಬಿಟ್ಟರೆ 'ಎಲೀಷನ ಕೆಲಸ ಮಾಡಿದ' ಎನ್ನುತ್ತಿದ್ದರು. ತಂಗಿ ತರಕಾರಿ ಕೊಳ್ಳಲು ನಿಂತಾಗ ಪಕ್ಕದಲ್ಲೇ ಹಾಗೆಂದು ನಕ್ಕವರಿದ್ದರು. ಅವರಿಗೆ ಆಕೆ ಯಾರೆಂದು ಗೊತ್ತಿರಲಿಲ್ಲ. ಆಕೆ ಬದನೆಕಾಯಿ ಆರಿಸಿಕೊಂಡು ಮನೆಗೆ ಬಂದು ಅಳುತ್ತಿದ್ದಳು. ಭಾನುವಾರ ಮತ್ತೆ ಸಭೆಗೆ ಹೋಗಿ ಕೂರುತ್ತಿದ್ದಳು.

ಕೊನೆಗೆ ಅಂದು ಒಳಗಿದ್ದವರಲ್ಲಿ ಒಬ್ಬ ದರ್ಜಿ ಮಾತ್ರ ಉಳಿದ. ಅವನೂ ಹಾಸಿಗೆ ಹಿಡಿದ. ಆಕೆ ಅವನ ಪಕ್ಕದಲ್ಲಿ ಕೂತು ಬೇಡಿಕೊಂಡಳು. "ಇನ್ನು ಒಪ್ಪೋದಕ್ಕೆ ಯಾರಿದ್ದಾರೆ? ನೀವು, ನಾನು. ಹೇಳಿಬಿಡಿ."

ದರ್ಜಿ ಒಳ್ಳೆಯವನು. ಅವನಿಗೂ ಹೇಳುವ ಆಸೆ ಇತ್ತು. "ನಾನೊಬ್ಬನೇ ಹೇಳಿದರೆ ಅದು ನನ್ನ ಮಾತಾಗುತ್ತೆ, ಸಭೆಯ ಮಾತಾಗೋದಿಲ್ಲ," ಎಂದ. "ನನಗೆ ನೆನಪು ತಪ್ಪಿದ್ದರೆ ತಿದ್ದೋರು ಯಾರು? ಭಾನುವಾರ ಇಬ್ಬರೂ ಕೂರೋಣ. ತಿಳಿಯಾದರೆ ಹೇಳ್ತೀನಿ."

ಅವನು ಶುಕ್ರವಾರ ಹೋದ.

ಭಾನುವಾರ ಆಕೆ ಒಬ್ಬಳೇ ಸಭೆಯ ಕೋಣೆಯಲ್ಲಿ ಕೂತಳು. ಬೇಡವೆನ್ನುವವರು ಅಲ್ಲಿ ಯಾರೂ ಇರಲಿಲ್ಲ. ಎಲ್ಲರ ಮನಸ್ಸೂ ಒಂದಾಗಿತ್ತು. ಹೇಳುವುದಕ್ಕೆ ಮಾತ್ರ ಏನೂ ಉಳಿದಿರಲಿಲ್ಲ.

ಕೆಲವು ಕಾಲದ ಮೇಲೆ ಒಬ್ಬ ಉಪಾಧ್ಯಾಯ ಆಕೆಯನ್ನು ಹುಡುಕಿಕೊಂಡು ಬಂದ. ಅವನು ಊರಿನ ಚರಿತ್ರೆ ಬರೆಯುತ್ತಿದ್ದ. ಕೆಟ್ಟ ಮನುಷ್ಯನಲ್ಲ. ಕ್ವೇಕರರ ಬಗ್ಗೆ ಊರಿನವರ ಮಾತನ್ನಷ್ಟೇ ಬರೆಯುವುದು ನ್ಯಾಯವಲ್ಲವೆಂದು ಬಂದಿದ್ದ.

"ಅಮ್ಮಾ, ಅವತ್ತು ಬಾಗಿಲು ತೆಗೆದದ್ದು ನಿಮ್ಮ ಅಣ್ಣನೇನಾ?"

ಇಲ್ಲವೆಂದರೆ ಅಲ್ಲಿಗೆ ಮುಗಿಯುತ್ತಿತ್ತು. ಆಕೆ ಹುಟ್ಟಿದಂದಿನಿಂದ ಸುಳ್ಳಾಡಿದವಳಲ್ಲ.

"ಹೌದು."

"ಯಾಕೆ ತೆಗೆದರು?"

"ನಾನು ಅಲ್ಲಿರಲಿಲ್ಲಪ್ಪ. ಅವನು ತಪ್ಪು ಮಾಡಲಿಲ್ಲ ಅಂತ ಎಲ್ಲರೂ ಹೇಳ್ತಿದ್ದರು."

"ಎಲ್ಲರೂ ಅಂದರೆ ಯಾರು? ನಾನು ಹೋಗಿ ಕೇಳ್ತೀನಿ."

ಆಕೆ ಕಿಟಕಿಯಿಂದಾಚೆ ಅವರೆಲ್ಲರನ್ನು ಹೂತ ಹುಲ್ಲಿನ ಕಡೆ ನೋಡಿದಳು. ಉಪಾಧ್ಯಾಯನಿಗೆ ಪಾಪ ಎನಿಸಿತು. ಮತ್ತೆ ಕೇಳಲಿಲ್ಲ.

ಪುಸ್ತಕ ಅಚ್ಚಾಯಿತು. ಬಾಗಿಲು ತೆಗೆದವನು ಎಲೀಷನೆಂದೂ, ಅವನ ಒಡಹುಟ್ಟಿದ ತಂಗಿಯೇ ಇದನ್ನು ಒಪ್ಪಿದ್ದಾಳೆಂದೂ ಅದರಲ್ಲಿತ್ತು. ಊರಿನ ಮಕ್ಕಳು ಅದನ್ನೇ ಓದಿ ದೊಡ್ಡವರಾದರು. ಅಲ್ಲಿಯವರೆಗೆ ಅದು ಗಾಳಿಮಾತಾಗಿತ್ತು, ಆಮೇಲೆ ಚರಿತ್ರೆಯಾಯಿತು. ಆಕೆ ಸತ್ತಾಗ ಊರಿನವರೇ ಹೊತ್ತು ಹೂತರು. ಅಣ್ಣನ ಪಕ್ಕದಲ್ಲಿ ಹೂಳಬೇಕೆಂದು ಆಕೆ ಕೇಳಿಕೊಂಡಿದ್ದಳಂತೆ. ಆ ಜಾಗ ಯಾವುದೆಂದು ತೋರಿಸುವವರು ಯಾರೂ ಇರಲಿಲ್ಲ.

ಗುರುಗಳು ಇಷ್ಟಕ್ಕೆ ನಿಲ್ಲಿಸಿದರು. ಶಿಷ್ಯ ಕೇಳಿದ:

"ಹಾಗಾದರೆ, ಗುರುಗಳೇ, ಎಲೀಷ ಬಾಗಿಲು ತೆಗೆದದ್ದಾದರೂ ಯಾಕೆ?"

"ಬಲ್ಲವರೆಲ್ಲ ಬಹಳ ಒಳ್ಳೆಯವರಪ್ಪ, ಒಬ್ಬರೂ ಹೇಳದೆ ಹೋದರು."