ನೆರಳಿನ ಎಲೆ, ಬಿಸಿಲಿನ ಎಲೆ

ಹೊಳೆಯ ದಂಡೆಯ ಆಶ್ರಮದಲ್ಲಿ ಮಲ್ಲಿದೇವರು ಎಂಬ ಗುರುಗಳಿದ್ದರು. ಗಿಡಮೂಲಿಕೆಯ ಮದ್ದು ಕೊಡುತ್ತಿದ್ದರು. ಶಿಷ್ಯರಿಗೆ ತಾಳ್ಮೆ ಕಲಿಸುತ್ತಿದ್ದರೂ ಅವರ ಬಳಿ ಅದು ಹೆಚ್ಚೇನೂ ಇರಲಿಲ್ಲ.

ಇದ್ದಷ್ಟನ್ನೂ ಖರ್ಚು ಮಾಡಿಸಿದವನು ಬಾಚಣ್ಣ ಎಂಬ ಶಿಷ್ಯ.

ಆ ವರ್ಷ ಹೊಳೆ ಉಕ್ಕಿ, ಮಂಡಿನೋವಿಗೆ ಎಲೆ ಕೊಡುತ್ತಿದ್ದ ಹಳೆಯ ಮರ ಬೇರುಸಮೇತ ಕೊಚ್ಚಿಹೋಯಿತು. ಉಳಿದದ್ದು ಅದರ ಒಂದೇ ಸಸಿ. ಅದು ಅಡುಗೆಮನೆಯ ಹಿಂದಿನ ನೆರಳಿನಲ್ಲಿ, ಕುಂಡದಲ್ಲಿ ಬೆಳೆಯುತ್ತಿತ್ತು.

ಅದನ್ನು ನೋಡಿಕೊಳ್ಳುವ ಕೆಲಸವನ್ನು ಬಾಚಣ್ಣ ತಾನಾಗಿಯೇ ಕೇಳಿ ಪಡೆದ. ಪಕ್ಕದ ಊರಲ್ಲಿದ್ದ ಅವನ ಅಕ್ಕ ನಿಂಬವ್ವ ಆ ಎಲೆಯಿಂದಲೇ ಓಡಾಡಿಕೊಂಡಿದ್ದಳು. ಮರ ಹೋದ ಮೇಲೆ ಅವಳಿಗೆ ಕೂತರೆ ಏಳಲಾಗುತ್ತಿರಲಿಲ್ಲ.

ಎಲೆ ಬಿಸಿಲಿನಿಂದ ಅಡುಗೆ ಮಾಡಿಕೊಂಡು ಗಿಡವನ್ನು ಸಾಕುತ್ತದೆ ಎಂದು ಗುರುಗಳು ಪಾಠ ಹೇಳಿದ್ದರು. ಹಾಗಾದರೆ ಹೆಚ್ಚು ಬಿಸಿಲು ಸಿಕ್ಕರೆ ಬೇಗ ಬೆಳೆಯಬೇಕಲ್ಲ ಎಂದುಕೊಂಡ ಬಾಚಣ್ಣ. ಗುರುಗಳು ಹೊರಗೆ ಹೋಗಿದ್ದಾಗ ಕುಂಡವನ್ನು ಎತ್ತಿ ಬಯಲಿನ ಬಂಡೆಯ ಮೇಲಿಟ್ಟ.

ಅವರು ಹಿಂತಿರುಗುವಷ್ಟರಲ್ಲಿ ಎಲೆಗಳು ಬಿಳಿಚಿಕೊಂಡಿದ್ದವು, ಅಂಚು ಸುಟ್ಟಿತ್ತು. ಗುರುಗಳು ಹಣೆ ಹಣೆ ಚಚ್ಚಿಕೊಂಡರು.

ಬಾಚಣ್ಣ ಗಾಬರಿಯಾಗಿ ಕುಂಡವನ್ನು ಉಗ್ರಾಣದ ಕತ್ತಲೆಗೆ ಸಾಗಿಸಿದ. ಅಲ್ಲಿ ಎಲೆ ಹಳದಿಯಾಯಿತು. ಮತ್ತೆ ಹೊರಗೆ ತಂದ. ಮಧ್ಯಾಹ್ನದ ಬಿಸಿಗಾಳಿಗೆ ಸಸಿ ಜೋತುಬಿದ್ದಾಗ ಒಂದು ಕೊಡ ನೀರು ಸುರಿದ. ಅದು ತಲೆಯೆತ್ತದಿದ್ದಾಗ ಇನ್ನೊಂದು ಕೊಡ ಸುರಿದ.

ಕೊನೆಗೆ ಕೈಚೆಲ್ಲಿ ಗುರುಗಳ ಮುಂದೆ ಬಂದು ನಿಂತ.

“ಗುರುಗಳೇ, ಬಿಸಿಲು ಕೊಟ್ಟೆ. ನೀರು ಕೊಟ್ಟೆ. ಇದು ಯಾಕೆ ಉಣ್ಣುತ್ತಿಲ್ಲ?”

ಗುರುಗಳು ಎದ್ದು ಒಳಗೆ ಹೋದರು. ಅಡುಗೆಮನೆಯಿಂದ ತಟ್ಟೆಯಲ್ಲಿ ಮುದ್ದೆ, ಸಾರು ಹಾಕಿಸಿಕೊಂಡು ಬಂದರು. ಬಾಚಣ್ಣನನ್ನು ಅದೇ ಬಂಡೆಯ ಮೇಲೆ ಕೂರಿಸಿ ತಟ್ಟೆಯನ್ನು ಮುಂದಿಟ್ಟರು. ಸೂರ್ಯ ನೆತ್ತಿಯ ಮೇಲಿದ್ದ.

ಬಾಚಣ್ಣ ಎರಡು ತುತ್ತು ನುಂಗಿದ. ಬಂಡೆ ಕಾದ ಹೆಂಚಿನಂತಿತ್ತು. ಕಣ್ಣಿಗೆ ಬೆವರು ಇಳಿಯಿತು. ಗುರುಗಳು ಇನ್ನೊಂದು ಮುದ್ದೆ ತಂದು ಹಾಕಿದರು.

“ಸಾಕು ಗುರುಗಳೇ, ಆಗುವುದಿಲ್ಲ.”

“ಮುದ್ದೆ ಚೆನ್ನಾಗಿಲ್ಲವೇ?”

“ಚೆನ್ನಾಗಿದೆ.”

“ಹೊಟ್ಟೆ ತುಂಬಿತೇ?”

“ಇಲ್ಲ.”

“ಮತ್ತೆ ಯಾಕೆ ಉಣ್ಣುತ್ತಿಲ್ಲ?”

ಬಾಚಣ್ಣ ತಟ್ಟೆ ಹಿಡಿದು ನೆರಳಿಗೆ ಎದ್ದು ಬಂದ. ಗುರುಗಳು ಅವನ ಪಕ್ಕದಲ್ಲಿ ಕೂತು, ಅವನು ಉಣ್ಣುತ್ತಿರುವಾಗಲೇ ವಿವರಿಸಿದರು. ಎಲೆಯ ಅಡಿಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಬಾಯಿಗಳಿವೆ. ಗಾಳಿ ಒಣಗಿ ಸುಡುವಾಗ ಗಿಡ ಒಳಗಿನ ನೀರು ಉಳಿಸಿಕೊಳ್ಳಲು ಅವನ್ನು ಮುಚ್ಚುತ್ತದೆ. ಮುಚ್ಚಿದರೆ ಗಾಳಿ ಒಳಗೆ ಹೋಗುವುದಿಲ್ಲ. ಗಾಳಿಯಿಲ್ಲದೆ, ಎಷ್ಟೇ ಬಿಸಿಲಿದ್ದರೂ ಅಡುಗೆ ಆಗುವುದಿಲ್ಲ. ಬೇರಿಗೂ ಉಸಿರು ಬೇಕು, ನೀರಿನಲ್ಲಿ ಮುಳುಗಿದರೆ ಅದು ನೀರನ್ನೇ ಕುಡಿಯಲಾರದು. ಇಷ್ಟು ಹೇಳಿ ಮುಗಿಸುವುದರೊಳಗೆ ಗುರುಗಳ ದನಿ ಹಲವು ಸಲ ಏರಿತು.

ಆಮೇಲೆ ಅವರೇ ಗುದ್ದಲಿ ಹಿಡಿದರು. ಬೆಳಗಿನ ಬಿಸಿಲು ಬಿದ್ದು ಮಧ್ಯಾಹ್ನ ನೆರಳಾಗುವ ಕಡೆ ಸಸಿಯನ್ನು ನೆಲಕ್ಕೆ ನೆಟ್ಟರು. ಇನ್ನು ಅದನ್ನು ಕದಲಿಸಕೂಡದು ಎಂದು ಕಟ್ಟಪ್ಪಣೆ ಮಾಡಿದರು.

ಹಳೆಯ ಎಲೆಗಳು ಒಂದೊಂದಾಗಿ ಉದುರತೊಡಗಿದವು. ಬಾಚಣ್ಣನಿಗೆ ತಡೆಯಲಾಗಲಿಲ್ಲ.

“ಇದು ಸಾಯುತ್ತಿದೆ. ಮೊದಲಿನ ನೆರಳಿಗೇ ಒಯ್ಯಲೇ?”

“ಆ ಎಲೆಗಳು ನೆರಳಿನಲ್ಲಿ ಹುಟ್ಟಿದವು ಕಣೋ. ಸಿಕ್ಕ ಚೂರು ಬೆಳಕನ್ನು ಹಿಡಿಯಲೆಂದು ತೆಳ್ಳಗೆ, ಅಗಲವಾಗಿ ಬೆಳೆದವು. ಈ ಜಾಗಕ್ಕೆ ಬೇಕಾದ ಎಲೆ ಇನ್ನು ಮೇಲೆ ಹುಟ್ಟಬೇಕು. ಅದು ಒಂದು ಜಾಗಕ್ಕೆ ಒಗ್ಗುವಷ್ಟರಲ್ಲಿ ನೀನು ಇನ್ನೊಂದು ಜಾಗಕ್ಕೆ ಒಯ್ಯುತ್ತೀಯ.”

“ಅಲ್ಲಿಯವರೆಗೆ ನಾನೇನು ಮಾಡಲಿ?”

“ನಿಮ್ಮಕ್ಕನ ಮಂಡಿಗೆ ಉಪ್ಪಿನ ಶಾಖ ಕೊಡು. ಅದನ್ನೂ ನಾನೇ ಹೇಳಬೇಕೇ?”

ಬಾಚಣ್ಣ ತಲೆ ತಗ್ಗಿಸಿದ. ಅಕ್ಕನಿಗಾಗಿಯೇ ಇಷ್ಟೆಲ್ಲ ಒದ್ದಾಡಿದ್ದ, ಅಕ್ಕನನ್ನು ಮಾತ್ರ ಹೋಗಿ ನೋಡಿರಲಿಲ್ಲ. ಅಂದೇ ಗಾಡಿ ಕಟ್ಟಿಸಿಕೊಂಡು ಹೋಗಿ ಅವಳನ್ನು ಆಶ್ರಮಕ್ಕೆ ಕರೆತಂದ. ದಿನಾ ಸಂಜೆ ಉಪ್ಪು ಹುರಿದು, ಬಟ್ಟೆಯಲ್ಲಿ ಗಂಟು ಕಟ್ಟಿ, ಅವಳ ಮಂಡಿಗೆ ಒತ್ತುತ್ತಿದ್ದ. ಬಿಸಿ ಹೆಚ್ಚಾದರೆ ಅವಳು ಬೈಯುತ್ತಿದ್ದಳು, ಆರಿದರೂ ಬೈಯುತ್ತಿದ್ದಳು. ಕೇಳಿಸಿಕೊಂಡು ಸುಮ್ಮನಿರುವುದು ಅವನಿಗೆ ನಿಧಾನವಾಗಿ ರೂಢಿಯಾಯಿತು.

ಬೋಳಾಗಿದ್ದ ಸಸಿಯಲ್ಲಿ ಒಂದು ಬೆಳಗ್ಗೆ ಚಿಗುರು ಕಂಡಿತು. ಬರಬರುತ್ತಾ ಎಲೆಗಳು ಬಲಿತವು. ಮೊದಲಿನವಕ್ಕಿಂತ ಚಿಕ್ಕವು, ದಪ್ಪನೆಯವು. ಎಳೆಬಿಸಿಲು ನೇರವಾಗಿ ಬಿದ್ದರೂ ಬಾಡಲಿಲ್ಲ.

ನಿಂಬವ್ವ ಅವನ್ನು ನೋಡಿದವಳೇ ಕೀಳಲು ಕೈ ಚಾಚಿದಳು. ಬಾಚಣ್ಣ ಅವಳ ಕೈ ಹಿಡಿದುಕೊಂಡ.

“ಬೇಡ ಅಕ್ಕಾ. ಇಷ್ಟು ಎಲೆಯಿಂದಲೇ ಅದು ಬದುಕಬೇಕು. ಕಿತ್ತರೆ ಉಪವಾಸ ಬೀಳುತ್ತದೆ.”

“ನನ್ನ ನೋವಿಗಿಂತ ಅದರ ಹಸಿವೇ ಹೆಚ್ಚಾಯಿತೇನೋ ನಿನಗೆ?”

ಬಾಚಣ್ಣ ಕೈ ಬಿಡಲಿಲ್ಲ.

ಅವಳು ಕೊಸರಿಕೊಂಡು, ಸಿಟ್ಟಿನಲ್ಲಿ ಒಬ್ಬಳೇ ಮೆಟ್ಟಿಲು ಹತ್ತಿ, ಗುರುಗಳ ಹತ್ತಿರ ದೂರು ಒಯ್ದಳು. ಗುರುಗಳು ಪೂರ್ತಿ ಕೇಳಿ, ಬಾಚಣ್ಣ ಮಾಡಿದ್ದು ಸರಿ ಎಂದರು. ಗಿಡ ಬಲಿಯುವವರೆಗೆ ಶಾಖವೇ ಸಾಕು, ಅದರಿಂದ ಗುಣ ಕಾಣುತ್ತಿದೆ ಎಂದೂ ಹೇಳಿದರು. ನಿಂಬವ್ವ ಗೊಣಗುತ್ತಾ ಅಲ್ಲೇ ಜಗುಲಿಯ ಮೇಲೆ ಕೂತಳು.

ಗುರುಗಳ ಬಾಯಿಂದ ಸರಿ ಎಂಬ ಮಾತನ್ನು ಅವಳ ಬೆನ್ನಿಗೇ ಬಂದಿದ್ದ ಬಾಚಣ್ಣ ಕೇಳಿದ್ದು ಅದೇ ಮೊದಲು. ಅವನಿಗೆ ಧೈರ್ಯ ಬಂತು.

“ಹಾಗಾದರೆ ಗುರುಗಳೇ, ಗಿಡ ಬಲಿಯುವುದು ಯಾವಾಗ? ಮುಂದಿನ ಮಳೆಗಾಲಕ್ಕೋ, ಇಲ್ಲ ಅದಕ್ಕೂ ಮೊದಲೇ ಏನಾದರೂ…”

ಗುರುಗಳು ಕಣ್ಣು ಮುಚ್ಚಿ ಒಂದು ದೊಡ್ಡ ಉಸಿರು ಬಿಟ್ಟರು.

“ಸೂರ್ಯ ದಿನಾ ಬಂದು ಹೋಗುತ್ತಾನೆ, ಬಾಚಣ್ಣ. ಒಂದು ದಿನವಾದರೂ ಆ ಗಿಡವನ್ನು ‘ಯಾವಾಗ’ ಎಂದು ಕೇಳಿದ್ದಾನೆಯೇ?”