ಸೋಸಿದ ಎಣ್ಣೆ

ಯಾವ ಊರಿನ ಕಡಲತೀರ ಎಂದು ಕೇಳಬೇಡಿ, ಕೇಳಿದಾಗಲೆಲ್ಲ ನಾನು ಬೇರೆ ಊರು ಹೇಳುತ್ತೇನೆ. ಅಲ್ಲಿನ ರೆಸಾರ್ಟಿನಲ್ಲಿ ಪ್ರವಾಸಿಗರನ್ನು ಮರಳ ಮೇಲೆ ಕುಣಿಸುವ ನಾಲ್ಕು ಚಕ್ರದ ಬೈಕೊಂದಿತ್ತು. ಅದಕ್ಕೆ ಇನಾಸನೇ ಮೆಕ್ಯಾನಿಕ್ಕು, ರೆಸಾರ್ಟಿನ ಮಾಲೀಕರು ಪದ್ಮರಾಜ ಹೆಗ್ಡೇರು.

"ಧಣಿ, ಆಯಿಲ್ ಕರ್ರಗಾಗಿದೆ. ಬದಲಿಸದಿದ್ದರೆ ಎಂಜಿನ್ನು ಹಿಡಿದು ನಿಂತೇಬಿಡುತ್ತದೆ," ಎಂದ ಇನಾಸ.

"ಬಟ್ಟೆಯಲ್ಲಿ ಸೋಸಿ ಅದನ್ನೇ ಹೊಯ್ಯಿ. ಎಂಜಿನ್ನು ಹಿಡಿದರೆ ನೀನು ಮನೆಗೆ!" ಎಂದು ಹೆಗ್ಡೇರು ಗುಡುಗಿದರು.

ಸಂಜೆ ಹೆಗ್ಡೇರು ಎಂದಿನಂತೆ ರೆಸಾರ್ಟಿನ ಅಡುಗೆಮನೆಯ ಬಾಗಿಲಿಗೆ ಬಂದು, ಅಡುಗೆಯ ವಾರಿಜಕ್ಕ ಆಗಷ್ಟೇ ಎಣ್ಣೆಯಲ್ಲಿ ಕರಿದ ಬಿಸಿ ಗೋಳಿಬಜೆ ಬಾಯಿಗಿಟ್ಟರು. "ಇಂಥದ್ದು ಮಂಗಳೂರಲ್ಲೂ ಸಿಗುವುದಿಲ್ಲ ಮಾರಾಯ್ತಿ!"

ಅಲ್ಲೇ ನಿಂತಿದ್ದ ಇನಾಸ ಮೆಲ್ಲಗೆ ಹೇಳಿದ: "ಹೋದ ತಿಂಗಳ ಎಣ್ಣೆ ಧಣಿ. ಅಕ್ಕನೂ ನಿಮ್ಮ ಹಾಗೆಯೇ, ಬಟ್ಟೆಯಲ್ಲಿ ಸೋಸಿ ಸೋಸಿ ಹೊಯ್ಯುವುದು."

ಹೆಗ್ಡೇರು ಹೂಕುಂಡಕ್ಕೆ ಉಗಿದರು. "ಅಯ್ಯೋ ಸುಳ್ಳು, ಇವತ್ತೇ ಒಡೆದ ಪ್ಯಾಕೆಟು!" ಎಂದು ವಾರಿಜಕ್ಕ ಕೂಗಿದ್ದು ಅವರ ಕಿವಿಗೆ ಬೀಳಲಿಲ್ಲ.

"ಅಯ್ಯೋ, ನನ್ನ ಹೊಟ್ಟೆಯ ಗತಿ ಏನೋ?"

"ಎಂಜಿನ್ನಿನ ಹೊಟ್ಟೆಯದ್ದೂ ಅದೇ ಗತಿ ಧಣಿ."

ಬೆಳಿಗ್ಗೆಯೇ ಹೊಸ ಆಯಿಲ್ ಬಂತು, ಜೊತೆಗೆ ಫಿಲ್ಟರೂ ಬಂತು. ಇನಾಸ ತನ್ನ ತಮಾಷೆಯನ್ನು ಒಪ್ಪಿಕೊಂಡಾಗ ಹೆಗ್ಡೇರು ಹೊಟ್ಟೆ ಹಿಡಿದು ನಕ್ಕರು. ಆದರೆ ಆಮೇಲೂ ಗೋಳಿಬಜೆಯ ತಟ್ಟೆ ಕಂಡಾಗಲೆಲ್ಲ ಮುಖ ಹಿಂಡಿ, ಬಿಸ್ಕತ್ತು ತರಿಸಿದರು. ಆ ಒಂದು ಹೊಗಳಿಕೆಗೆಂದೇ ದಿನವೂ ಹಿಟ್ಟು ಕಲಸುತ್ತಿದ್ದ ವಾರಿಜಕ್ಕ ಈಗ ಬಾಣಲೆ ಇಡುವುದೇ ಇಲ್ಲ.

"ನಿನ್ನ ಗಾಡಿ ಉಳಿಸಲಿಕ್ಕೆ ನನ್ನ ಕೈರುಚಿಯೇ ಬೇಕಿತ್ತಾ ಇನಾಸ?"

ಊರಿಗೆಲ್ಲ ಎದುರುತ್ತರ ಕೊಡುವ ಇನಾಸ ಉಗುರಿನ ಗ್ರೀಸ್ ಕೆರೆಯುತ್ತ ನಿಂತ.