ಬಾಗಿಲ ಬಳಿಯ ತಟ್ಟೆಗಳು

"ಗುರುಗಳೇ, ಕಲ್ಮೇಶನೂ ನಾನೂ ಒಟ್ಟಿಗೇ ಓದಿದವರು. ಅವನು ಪ್ರವಚನಕ್ಕೆ ಕೂತರೆ ಜನ ಮೈಮರೆತು ಕೇಳುತ್ತಾರೆ. ನಾನು ಕೂತರೆ ಬಾಯಿಂದ ಮಾತೇ ಹೊರಡುವುದಿಲ್ಲ. ನನ್ನಲ್ಲಿ ಏನು ಕಡಿಮೆಯಾಗಿದೆ?" ಎಂದು ಶಿಷ್ಯ ರೇವಯ್ಯ ಕೇಳಿದ.

ಗುರುಗಳು ಮಠಕ್ಕೆ ಬರುವ ಮೊದಲು ಪಶುವೈದ್ಯರಾಗಿದ್ದವರು. ಅವರು ಒಂದು ಕತೆ ಹೇಳಿದರು.

ಒಂದು ಪ್ರಯೋಗಾಲಯದಲ್ಲಿ ಒಬ್ಬ ಸಂಶೋಧಕನಿದ್ದ. ಟಗರಿನ ವೃಷಣದಿಂದ ಜೀವಕೋಶಗಳನ್ನು ಬಿಡಿಸಿ, ತಟ್ಟೆಯಲ್ಲಿ ಪೋಷಕ ದ್ರವ ಹಾಕಿ ಬೆಳೆಸುವುದು ಅವನ ಕೆಲಸ. ಆ ಕೋಶಗಳು ಮೈಯಿಂದ ಹೊರಬಂದರೂ ತಮ್ಮ ಕಸುಬು ಮರೆಯುವುದಿಲ್ಲ. ಹದವಾದ ಬಿಸುಪು ಸಿಕ್ಕರೆ ತಟ್ಟೆಯಲ್ಲಿ ಕೂತೇ ಗಂಡು ಹಾರ್ಮೋನನ್ನು ಒಸರಿಸುತ್ತವೆ. ಬಿಸುಪು ತಪ್ಪಿದರೆ ಮುನಿಸಿಕೊಳ್ಳುತ್ತವೆ. ಅದಕ್ಕೇ ತಟ್ಟೆಗಳನ್ನು ಇನ್‌ಕ್ಯುಬೇಟರ್ ಎಂಬ ಬೆಚ್ಚನೆಯ ಪೆಟ್ಟಿಗೆಯಲ್ಲಿಟ್ಟು ಬಾಗಿಲು ಹಾಕಿ ಸುಮ್ಮನಿರಬೇಕು.

ಅದೇ ಪೆಟ್ಟಿಗೆಯಲ್ಲಿ, ಅದೇ ಕೆಲಸ ಮಾಡುತ್ತಿದ್ದ ಅವನ ಜೊತೆಗಾರನೊಬ್ಬನ ತಟ್ಟೆಗಳೂ ಇದ್ದವು. ಸಂಶೋಧಕನವು ಬಾಗಿಲ ಬಳಿ, ಜೊತೆಗಾರನವು ಹಿಂದೆ. ಒಂದು ದಿನ ಹಿರಿಯ ವಿಜ್ಞಾನಿಯೊಬ್ಬರು ಎಲ್ಲರೆದುರು, "ಕೋಶ ಬೆಳೆಸುವ ಕೈ ಎಂದರೆ ಇವನದು" ಎಂದು ಜೊತೆಗಾರನ ಬೆನ್ನು ತಟ್ಟಿದರು. "ಈ ಸಲ ಯಾರ ಕೋಶಗಳು ಹೆಚ್ಚು ಹಾರ್ಮೋನು ಕೊಡುತ್ತವೋ, ಮುಂದಿನ ಕೆಲಸ ಅವರಿಗೇ" ಎಂದೂ ಹೇಳಿದರು. ಸಂಶೋಧಕನ ಹೊಟ್ಟೆಗೆ ಕಿಚ್ಚು ಬಿತ್ತು. ಅವನ ಕೈಯೇನೂ ಕಡಿಮೆಯದಾಗಿರಲಿಲ್ಲ. ಅದು ಅವನಿಗೇ ಮರೆತುಹೋಯಿತು.

ಅಂದಿನಿಂದ ಅವನು ಕೂತಲ್ಲಿ ಕೂರಲಾರ, ನಿಂತಲ್ಲಿ ನಿಲ್ಲಲಾರ. ಜೊತೆಗಾರ ಅತ್ತ ಹೋದನೆಂದರೆ ಇತ್ತ ಪೆಟ್ಟಿಗೆಯ ಬಾಗಿಲು ತೆಗೆಯುವನು. ತನ್ನ ತಟ್ಟೆಗಳೇ ಅಡ್ಡ. ಅವನ್ನು ಎತ್ತಿ ತಣ್ಣನೆಯ ಕಲ್ಲಿನ ಮೇಜಿನ ಮೇಲಿಡುವನು. ಆಮೇಲೆ ಕತ್ತು ಚಾಚಿ ಜೊತೆಗಾರನ ತಟ್ಟೆಗಳನ್ನು ನೋಡುವನು. ಕೋಶಗಳು ಚೆನ್ನಾಗಿ ಉಂಡರೆ ಕೆಂಪು ದ್ರವ ಹಳದಿಗೆ ತಿರುಗುತ್ತದೆ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ನೋಡಿದಷ್ಟೂ ಜೊತೆಗಾರನ ದ್ರವ ಇನ್ನಷ್ಟು ಹಳದಿಯಾಗಿ ಕಾಣುತ್ತಿತ್ತು. "ಗೆಲ್ಲುವವನು ಇವನೇ" ಎಂದು ಹಲ್ಲು ಕಡಿಯುತ್ತ ಬಹಳ ಹೊತ್ತು ಹಾಗೇ ನಿಲ್ಲುತ್ತಿದ್ದ. ಹೆಜ್ಜೆ ಸಪ್ಪಳ ಕೇಳಿದರೆ ಗಾಬರಿಯಿಂದ ಬಾಗಿಲು ಮುಚ್ಚಿ ದೂರ ಸರಿಯುವನು. ತನ್ನ ತಟ್ಟೆಗಳು ಮಾತ್ರ ಹೊರಗೇ ಉಳಿಯುತ್ತಿದ್ದವು.

ಪರೀಕ್ಷೆಯ ದಿನ ಮೊದಲು ಸಂಶೋಧಕನ ದ್ರವವನ್ನು ಅಳೆದರು. ಹಾರ್ಮೋನಿನ ಸುಳಿವೇ ಇಲ್ಲ. ಅವನು ಜೊತೆಗಾರನ ಮೇಲೆ ಹರಿಹಾಯ್ದ.

"ನನ್ನ ತಟ್ಟೆಗಳಿಗೆ ಕಣ್ಣು ಹಾಕಿದವನು ನೀನೇ! ನನ್ನ ಬಾಯಿಗೆ ಮಣ್ಣು ಹಾಕಿದೆಯಲ್ಲೋ!"

ಜೊತೆಗಾರ ಕಕ್ಕಾಬಿಕ್ಕಿಯಾದ. "ನಾನು ಮುಟ್ಟಿಯೂ ಇಲ್ಲ ಮಾರಾಯ. ಬಂದಾಗಲೆಲ್ಲ ನಿನ್ನ ತಟ್ಟೆಗಳು ಮೇಜಿನ ಮೇಲೆ ಇರುತ್ತಿದ್ದವು. ತಣ್ಣಗಿಟ್ಟು ನೋಡುವುದೇ ನಿನ್ನ ಪ್ರಯೋಗ ಅಂದುಕೊಂಡಿದ್ದೆ."

ಗುರುಗಳು ಅಲ್ಲಿಗೆ ಕತೆ ನಿಲ್ಲಿಸಿದರು. ರೇವಯ್ಯ ತಡೆಯಲಾರದೆ ಕೇಳಿದ.

"ಅದಿರಲಿ ಗುರುಗಳೇ, ಆ ಜೊತೆಗಾರನ ತಟ್ಟೆಗಳಲ್ಲಿ ಹಾರ್ಮೋನು ಎಷ್ಟು ಬಂದಿತ್ತು?"

ಗುರುಗಳು ಹೇಳಿದರು: "ರೇವಯ್ಯ, ನಿನ್ನ ತಟ್ಟೆ ಇನ್ನೂ ಮೇಜಿನ ಮೇಲೆಯೇ ಇದೆ."